ಮುನಿಯಮ್ಮನವರ ಟೊಮೇಟೊ ತೋಟಕ್ಕೆ ಹೋದ ಕಣಜಗಳು

ಹೆಬ್ಬಾಳದ ಲ್ಯಾಬಿನಲ್ಲಿ ನಾನು ಸಾಸಿವೆಗಿಂತ ಚಿಕ್ಕ ಕಣಜಗಳನ್ನು ಸಾಕುತ್ತೇನೆ. ಅವು ಬೆಳೆ ತಿನ್ನುವ ಹುಳದ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತವೆ. ರಾಜಾನುಕುಂಟೆಯ ಮುನಿಯಮ್ಮನವರ ಟೊಮೇಟೊ ತೋಟದಲ್ಲಿ ಬಿಟ್ಟಾಗ ಮಾತ್ರ ಮೊಟ್ಟೆಯಿಡದೆ ಸುಮ್ಮನೆ ಓಡಾಡಿದವು. ಕಾಯಿಗೆಲ್ಲ ಹುಳ ಬಿತ್ತು.

“ಇವು ಯಾವುದ್ರಲ್ಲಿ ಬೆಳ್ದಿದ್ವು?” ಅಂತ ಅವರು ಕೇಳಿದರು.

“ಅಕ್ಕಿ ಹುಳದ ಮೊಟ್ಟೇಲಕ್ಕಾ. ಸಾಕೋಕೆ ಸುಲಭ.”

“ಇಂಗೆ ಅಕ್ಕೀಲೇ ಬೆಳೆಸಿದ್ರೆ ನಮ್ ಟೊಮೇಟೊ ಉಳ ಎಂಗ್ ರುಚ್ಸುತ್ತೆ ಮೇಡಂ?”

ನಕ್ಕುಬಿಟ್ಟೆ. ಆದರೂ ವಾಪಸ್ ಬಂದು ಕಣಜಗಳ ಒಂದು ತಲೆಮಾರನ್ನು ಟೊಮೇಟೊ ಹುಳದ ಮೊಟ್ಟೆಯಲ್ಲೇ ಬೆಳೆಸಿ, ಒಯ್ದು ಅವರ ತೋಟದಲ್ಲಿ ಬಿಟ್ಟೆ. ನಾಲ್ಕೈದು ದಿನಕ್ಕೆ ಎಲೆ ಮೇಲಿನ ಮೊಟ್ಟೆಗಳು ಕಪ್ಪಾಗಿದ್ದವು. ಅಂದರೆ ಒಳಗಿರುವುದು ನಮ್ಮ ಕಣಜದ ಮರಿ. ಖುಷಿಗೆ ಮುನಿಯಮ್ಮನವರ ಕೈ ಹಿಡಿದುಕೊಂಡೆ.

“ಪಕ್ಕದಲ್ಲಿ ಬದನೆ ಆಕಿದೀನಿ,” ಅಂದರು ಅವರು. “ಮುಂದಿನ್ ಸಲ ಇವಕ್ಕೆ ಅದ್ರ ಉಳಾನೂ ಅಭ್ಯಾಸ ಮಾಡಿಸ್ಕೊಂಡ್ ಬನ್ನಿ.”

ಲ್ಯಾಬಿನ ಮೇಲಧಿಕಾರಿ ಕೂಡ ನನಗೆ ಇಷ್ಟು ಸಲೀಸಾಗಿ ಕೆಲಸ ಹಚ್ಚಿದ್ದಿಲ್ಲ.