ಮೆಕ್ಸ್ ಕಾಲುವೆಗೆ ಸಿಗದ ಲೈನು

ಅಲೆಕ್ಸಾಂಡ್ರಿಯಾದ ಮೊಬೈಲ್ ಕಂಪನಿಯೊಂದರಲ್ಲಿ ನಾನು ಅಳತೆಯ ಕಾರು ಓಡಿಸುತ್ತಿದ್ದೆ. ಪಕ್ಕದ ಸೀಟಿನಲ್ಲಿ ಇಂಜಿನಿಯರ್ ರಾವ್ಯಾ. ಮುಂದೆ ಸಾಲಾಗಿ ಕೂರಿಸಿದ ಫೋನುಗಳು ದಾರಿಯುದ್ದಕ್ಕೂ ತಾವೇ ಕಾಲ್ ಮಾಡುತ್ತಿದ್ದವು. ಎಷ್ಟು ಸೇರಿದವು, ಎಷ್ಟು ನಡುವೆ ಕಡಿದವು ಎಂಬುದನ್ನು ಕಂಪ್ಯೂಟರ್ ಹಿಡಿದಿಡುತ್ತಿತ್ತು. ಯಾವ ಟವರ್ ಏಕಕಾಲಕ್ಕೆ ಎಷ್ಟು ಮಾತು ಹೊರಬೇಕೆಂದು ಯೋಜಿಸುವುದು ಅವಳ ಕೆಲಸ.

ಅವಳು ಹುಟ್ಟಿದ್ದು ಅದೇ ಊರಿನ ಮೆಕ್ಸ್ ಎಂಬ ಕೇರಿಯಲ್ಲಿ, ಬೆಸ್ತರ ಕಾಲುವೆಯ ದಂಡೆಯಲ್ಲಿ. ಸಂಜೆ ದೋಣಿಗಳು ಮರಳುವಾಗ ಅಲ್ಲಿ ಎಲ್ಲರೂ ಒಮ್ಮೆಗೇ ವ್ಯಾಪಾರಿಗಳಿಗೆ, ಮನೆಗೆ ಫೋನ್ ಹಚ್ಚುತ್ತಾರೆ. ಟವರ್ ತುಂಬಿಹೋಗಿ ಅರ್ಧಕ್ಕರ್ಧ ಕಾಲ್ ಸೇರುವುದೇ ಇಲ್ಲ. ಆ ಗಿಜಿಗುಡುವ ಹೊತ್ತಿಗೆ ತಕ್ಕಂತೆ ಟವರನ್ನು ಬಲಪಡಿಸಬೇಕೆಂದು ಅವಳು ಯೋಜನೆ ಮಾಡಿ ಕೊಟ್ಟಳು.

ಮೇಲಧಿಕಾರಿ ವಗ್ದಿ ನಕ್ಕ. "ಮೀನು ಹಿಡಿಯೋರು ಎಷ್ಟು ರೀಚಾರ್ಜ್ ಮಾಡ್ಸ್ತಾರಮ್ಮ? ಬೆಳಿಗ್ಗೆ ಹೋಗಿ ಅಳೆದುಬಿಡು."

"ಬೆಳಿಗ್ಗೆ ಅವರೆಲ್ಲ ಸಮುದ್ರದಲ್ಲಿರ್ತಾರೆ ಉಸ್ತಾಜ್. ಖಾಲಿ ಟವರ್ ಅಳೆದು ಏನು ಬಂತು?"

"ಒಳ್ಳೇ ಅಂಕಿ ಬಂತು!"

ನಿಜಕ್ಕೂ ಬಂತು. ಕಾಲುವೆಯ ಸೇತುವೆಗೆ 'ನಿಮ್ಮ ಪ್ರತಿ ಕರೆಯೂ ಸೇರುತ್ತದೆ' ಎಂಬ ಬ್ಯಾನರ್ ಕಟ್ಟಿದರು. ಅದರ ಕೆಳಗೆ ನಿಂತು ಬೆಸ್ತರು ಸತ್ತ ಫೋನಿಗೆ ಕಿರುಚುತ್ತಿದ್ದರು. ರಾವ್ಯಾ ಕಾರಿನ ಕಿಟಕಿಯಾಚೆ ಉಗುಳಿದಳು.

ಆ ಚಳಿಗಾಲ ಬಿರುಗಾಳಿಯ ಒಂದು ಸಂಜೆ, ಜಗ್ಲೂಲ್ ಎಂಬ ಮುದುಕ ಬೆಸ್ತನ ದೋಣಿಯ ಎಂಜಿನ್ ದಡದ ಸಮೀಪವೇ ಕೆಟ್ಟಿತು. ಅವನು ಮತ್ತೆ ಮತ್ತೆ ಫೋನ್ ಮಾಡಿದ; ಎಲ್ಲ ಲೈನೂ ಬ್ಯುಸಿ. ದೋಣಿ ಬಂಡೆಗೆ ಅಪ್ಪಳಿಸಿತು. ಜೀವ ಉಳಿಯಿತು, ಎಡಗಾಲು ಉಳಿಯಲಿಲ್ಲ.

"ಒಬ್ಬನ ಕಾಲ್ ಸೇರಲಿಲ್ಲ ಅಂದ್ರೆ ಸರಾಸರಿ ಕೆಡಲ್ಲ," ಎಂದ ವಗ್ದಿ, ಬಾಯಿ ತುಂಬ ಬಸ್ಬೂಸಾ ಜಗಿಯುತ್ತ. ಹಲ್ಲಿನ ಸಂದಿಯಲ್ಲಿ ಸಿಹಿ ಮೆತ್ತಿಕೊಂಡಿತ್ತು.

ಮುಂದಿನ ತಿಂಗಳು ನಮ್ಮ ನೆಟ್‌ವರ್ಕ್ ಪರೀಕ್ಷಿಸಲು ಸರ್ಕಾರದ ತಪಾಸಣಾಧಿಕಾರಿ ಬಂದ. ಹಿಂದಿನ ಸೀಟಿನಲ್ಲಿ ಅವನೂ ವಗ್ದಿಯೂ. ಅವರ ಊಟ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ಸಮುದ್ರದಂಡೆಯ ರಸ್ತೆಯಲ್ಲಿ ಹೋಗುತ್ತಿದ್ದಾಗ ರಾವ್ಯಾ ತಟ್ಟನೆ, "ಹಸ್ಸೂನಾ ಮಾಮ, ಕಾಲುವೆ ಕಡೆ ತಿರುಗಿಸಿ" ಎಂದಳು. ತಿರುಗಿಸಿದೆ. ಫೋನುಗಳೆಲ್ಲ ಒಂದೊಂದಾಗಿ ಸೋತವು.

"ನೋಡಿ ಸಾಹೇಬ್ರೇ, ಇದು ಇಲ್ಲಿಯ ನಿಜವಾದ ಸ್ಥಿತಿ," ಎಂದಳು.

ಅಧಿಕಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡ. "ಥೂ, ಏನು ನಾತ! ಗಾಜು ಏರಿಸಪ್ಪ."

"ಇಲ್ಲೇ ಮುಂದೆ ಒಳ್ಳೇ ಸೀಗಡಿ ಸಿಗುತ್ತೆ, ತಿಂದೇ ಹೋಗೋಣ," ಎಂದ ವಗ್ದಿ. ಇಬ್ಬರೂ ನಕ್ಕರು.

ಅವರು ಹೋಟೆಲಿನೊಳಗೆ ಹೋದ ಮೇಲೆ ರಾವ್ಯಾ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ತಪಾಸಣೆಯಲ್ಲಿ ಕಂಪನಿ ಪಾಸಾಯಿತು. ಅವಳು ಕೆಲಸ ಬಿಟ್ಟು ತಾಂತ್ರಿಕ ಶಾಲೆಯೊಂದರಲ್ಲಿ ಪಾಠ ಹೇಳತೊಡಗಿದಳು.

ಕೊನೆಗೆ ಕಾಲುವೆಯ ಬಾಯಲ್ಲಿ ಶ್ರೀಮಂತರ ಮದುವೆ ಮಂಟಪ ಎದ್ದಿತು. ಟವರಿಗೆ ಕೂಡಲೇ ಹೊಸ ಆಂಟೆನಾಗಳು ಬಂದವು. ಯೋಜನೆ ರಾವ್ಯಾಳದೇ, ಬಡ್ತಿ ವಗ್ದಿಗೆ.

ನಾನೂ ರಾವ್ಯಾಳೂ ಜಗ್ಲೂಲನನ್ನು ನೋಡಲು ಹೋದೆವು. ಹೊಸ್ತಿಲಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿದ್ದ.

"ಈಗ ಲೈನ್ ಸಿಗುತ್ತಾ ತಾತ?"

"ಭೇಷಾಗಿ ಸಿಗುತ್ತೆ ಮಗಳೇ. ಬೆಳಗಿಂದ ಬಂದ ಕಾಲೆಲ್ಲ ನಿಮ್ಮ ಕಂಪನೀದೇ. ಫೋನಿಗೆ ಹೊಸ ಹಾಡು ಹಾಕಿಸ್ಕೋ ಅಂತ ಒಬ್ಬಳು ಪ್ರಾಣ ತಿಂತಾಳೆ."

ಅವನು ನಕ್ಕ. ರಾವ್ಯಾಳಿಗೆ ನಗು ಬರಲಿಲ್ಲ.