ಮರಕ್ಕೂ ಏಣಿಗೂ ನಡುವೆ ಇಟ್ಟ ಮತಗಳು

ಕೊಡಗು ಒಂದು ರಾಜ್ಯವಾಗಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ. ಆ ರಾಜ್ಯಕ್ಕೆ ಮಡಿಕೇರಿಯಲ್ಲಿ ಬೇರೆ ವಿಧಾನಸಭೆ ಇತ್ತು, ಮಂತ್ರಿಗಳಿದ್ದರು, ಊರೂರಿಗೆ ಶಾಸಕರಿದ್ದರು. ನಮ್ಮ ಭಾಗದ ಶಾಸಕರನ್ನು ನಾವು ಮೆಂಬರು ಎನ್ನುತ್ತಿದ್ದೆವು. ಅವರ ಚುನಾವಣೆಯ ಚರಿತ್ರೆ ಚಿಕ್ಕದು. ಕೊಡಗು ರಾಜ್ಯದಲ್ಲಿ ಒಮ್ಮೆ ನಿಂತು ಗೆದ್ದರು. ರಾಜ್ಯ ಮೈಸೂರಿಗೆ ಸೇರಿದ ಮೇಲೆ ಇನ್ನೊಮ್ಮೆ ನಿಂತು ಸೋತರು. ಆ ಮೊದಲ ಗೆಲುವಿಗೆ ನನ್ನ ಹೆಸರು ಅಂಟಿಕೊಂಡಿತು. ನನಗೆ ಈ ಬರವಣಿಗೆಯಲ್ಲಿ ಬೇಕಾದದ್ದು ಅದನ್ನು ಬಿಡಿಸಿಕೊಳ್ಳುವುದು ಮಾತ್ರ.

ಆಗ ನಾನು ಕುಶಾಲನಗರದ ಹತ್ತಿರ ಕಾವೇರಿ ದಡದ ಒಂದು ಹಳ್ಳಿಯಲ್ಲಿ ಉಪಾಧ್ಯಾಯಿನಿ. ಮಡಿಕೇರಿಯ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ದೀಪ ಆರಿಸಿ ಬೆಳೆದವಳು. ಶಾಲೆಯಲ್ಲೂ ಅದೇ ಕ್ರಮ. ಮಕ್ಕಳ ಉಗುರು, ಅಂಗಿಯ ಗುಂಡಿ, ಸ್ಲೇಟು, ಕೊನೆಗೆ ಪ್ರಾರ್ಥನೆ. ಹಳ್ಳಿಯವರಲ್ಲಿ ಹೆಚ್ಚಿನವರು ಹಾಸನ, ಮೈಸೂರು ಕಡೆಯಿಂದ ಬಂದು ಗದ್ದೆ ಮಾಡಿಕೊಂಡ ಒಕ್ಕಲುಗಳು. ನನ್ನನ್ನು ಕಂಡರೆ ಅವರಿಗೆ ಸ್ವಲ್ಪ ಭಯ, ಸ್ವಲ್ಪ ತಮಾಷೆ. "ಟೀಚರಮ್ಮ ಬಂದ್ರು, ಎಮ್ಮೇನೂ ಸಾಲಾಗಿ ನಿಲ್ಸ್ರೋ" ಎನ್ನುತ್ತಿದ್ದರು.

ಮೊದಲ ಚುನಾವಣೆ ಬಂದಾಗ ನಮ್ಮ ಶಾಲೆಯೇ ಮತಗಟ್ಟೆಯಾಯಿತು. ಹೆಂಗಸರಿಗೆ ಒಳಕೋಣೆ, ಗಂಡಸರಿಗೆ ಹಜಾರ. ಹೆಂಗಸರ ಬೆರಳಿಗೆ ಶಾಯಿ ಹಚ್ಚಿ, ಚೀಟಿ ಕೊಟ್ಟು ಒಳಗೆ ಕಳಿಸುವ ಕೆಲಸ ನನ್ನದು. ಆ ಕಾಲದಲ್ಲಿ ಚೀಟಿಗೆ ಗುರುತು ಹಾಕುವ ಪದ್ಧತಿ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ; ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಪರದೆಯ ಹಿಂದೆ ಹೋಗಿ, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಅಷ್ಟೇ.

ನಮ್ಮಲ್ಲಿ ನಿಂತವರು ಇಬ್ಬರು, ಇಬ್ಬರೂ ಯಾವ ಪಕ್ಷಕ್ಕೂ ಸೇರದವರು. ಮರದ ಚಿಹ್ನೆಯವರು ಎಸ್ಟೇಟಿನ ಯಜಮಾನರು. ಮುಂದೆ ಮೆಂಬರಾದವರು ಇವರೇ. ಒಕ್ಕಲುಗಳು ಮನೆ ಕಟ್ಟಿಕೊಳ್ಳುವಾಗ ತಮ್ಮ ತೋಟದಿಂದ ತೊಲೆ, ಕಂಬ ಕೊಟ್ಟಿದ್ದರು. ಏಣಿಯ ಚಿಹ್ನೆಯವರು ಕುಶಾಲನಗರದ ಅಕ್ಕಿ ಗಿರಣಿಯ ಯಜಮಾನರು. ಹೊಳೆ ಉಕ್ಕಿ ಸಸಿ ಮಡಿ ಕೊಚ್ಚಿಹೋದ ವರ್ಷ ಬಿತ್ತನೆ ಭತ್ತ ಕೊಟ್ಟವರು. ಇಬ್ಬರೂ ಹಳ್ಳಿಗೆ ಬಂದರು. ಇಬ್ಬರೂ ಗುಡಿಯ ಮುಂದೆ ನಿಂತು ವೀಳ್ಯ ಕೊಟ್ಟರು. ಹಳ್ಳಿಯವರು ಇಬ್ಬರಿಂದಲೂ ತೆಗೆದುಕೊಂಡರು. ಗುಡಿಯ ಮುಂದೆ ವೀಳ್ಯ ತೆಗೆದುಕೊಂಡ ಮೇಲೆ ಮಾತು ಕೊಟ್ಟ ಹಾಗೆಯೇ.

ಮತದಾನದ ದಿನ ಮಧ್ಯಾಹ್ನ ಸ್ವಲ್ಪ ಬಿಡುವಾಯಿತು. ಪೆಟ್ಟಿಗೆಗಳು ನೆಟ್ಟಗೆ ಇವೆಯೇ ಎಂದು ನೋಡಲು ಪರದೆಯ ಹಿಂದೆ ಹೋದೆ. ಎರಡು ಪೆಟ್ಟಿಗೆಗಳ ನಡುವೆ, ನೆಲದ ಮೇಲೆ, ಚೀಟಿಗಳನ್ನು ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು. ಗಾಳಿಗೆ ಹಾರದಿರಲೆಂದು ಮೇಲೆ ಹೊಳೆಯ ಒಂದು ಚಪ್ಪಟೆ ಕಲ್ಲು. ಕಲ್ಲಿನ ಮೇಲೆ ತುಂಬೆ ಹೂವು.

ಹೊರಗೆ ಬಂದು ಹಲಸಿನ ಮರದಡಿ ಕೂತಿದ್ದ ದೊಡ್ಡಮ್ಮನನ್ನು ಕೇಳಿದೆ. ಒಕ್ಕಲು ಕೇರಿಯ ಹಿರಿಯಳು ಆಕೆ. ಕೇರಿಯ ಹೆಂಗಸರು ಆಕೆಯ ಮಾತು ಮೀರುತ್ತಿರಲಿಲ್ಲ.

"ದೊಡ್ಡಮ್ಮ, ಆ ಕಲ್ಲು ಯಾರದ್ದು?"

"ನಂದೇ ತಾಯಿ. ಸೆರಗಲ್ಲಿ ಕಟ್ಕೊಂಡ್ ಬಂದೆ."

"ಚೀಟಿ ಪೆಟ್ಟಿಗೆಗೆ ಹಾಕಬೇಕು ಅಂತ ಹೇಳಿದ್ದೆನಲ್ಲ!"

"ಯಾವ್ದಕ್ಕೆ ಹಾಕಾನ ಹೇಳು? ಮನೆ ತೊಲೆ ನೋಡಿದ್ರೆ ಅವ್ರ ನೆಪ್ಪು, ಅನ್ನ ನೋಡಿದ್ರೆ ಇವ್ರ ನೆಪ್ಪು. ಇಬ್ಬರ ವೀಳ್ಯನೂ ತಿಂದ್ ಬಿಟ್ಟಿದೀವಿ. ಅದ್ಕೇ ನಡುವೆ ಮಡಗಿ ಅಂತ ನಾನೇ ಹೆಣ್ಮಕ್ಕಳಿಗೆ ಹೇಳ್ದೆ."

"ನಡುವೆ ಇಟ್ಟದ್ದು ಯಾರಿಗೂ ಸೇರುವುದಿಲ್ಲ."

"ಏಣಿ ಒರಗ್ಸೋದು ಮರಕ್ಕೇ ಅಲ್ವಾ? ಅವೆರಡ್ರ ನಡುವೆ ಏನ್ ಜಗಳ? ದೇವ್ರು ಹಂಚ್ತಾನೆ ಬಿಡು" ಎಂದು ಎಲೆ ಅಡಿಕೆಯ ಚೀಲ ಬಿಚ್ಚಿದಳು.

ನಾನು ನೇರ ಮತಗಟ್ಟೆಯ ಅಧಿಕಾರಿಯ ಬಳಿ ಹೋಗಿ ಕಂಡದ್ದನ್ನು ಹೇಳಿದೆ. ಅವರು ಮಡಿಕೇರಿಯಿಂದ ಬಂದಿದ್ದ ಕಚೇರಿಯ ಗುಮಾಸ್ತರು. ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಸದಾ ಲವಂಗ. "ಮುಟ್ಟಬೇಡಿ. ಕೊನೆಗೆ ನಾನೇ ತೆಗೆದು ಲಕೋಟೆಗೆ ಹಾಕಿ ಅರಗು ಹಚ್ಚುತ್ತೇನೆ. ಪೆಟ್ಟಿಗೆಯ ಹೊರಗೆ ಸಿಕ್ಕಿದ್ದು ಲೆಕ್ಕಕ್ಕೆ ಬರುವುದಿಲ್ಲ" ಎಂದರು. ನಿಯಮ ಹಾಗೆಯೇ ಇತ್ತು. ನಾನು ಮುಟ್ಟಲಿಲ್ಲ.

ಮತದಾನ ಮುಗಿಯಿತು. ಇಬ್ಬರು ಅಭ್ಯರ್ಥಿಗಳ ಏಜೆಂಟರೂ ಹೊರಗೆ ಜೀಪಿಗೆ ಒರಗಿ ಬೀಡಿ ಸೇದುತ್ತಿದ್ದರು. ಅಧಿಕಾರಿಗಳು ನನ್ನನ್ನು ಒಳಕೋಣೆಯ ಬಾಗಿಲಲ್ಲಿ ಹೊರಮುಖವಾಗಿ ನಿಲ್ಲಿಸಿ, ಯಾರನ್ನೂ ಬಿಡಬೇಡಿ ಎಂದು ಒಬ್ಬರೇ ಪರದೆಯ ಹಿಂದೆ ಹೋದರು. ಬರುವಾಗ ಕೈಯಲ್ಲಿ ಅರಗು ಹಚ್ಚಿದ ಲಕೋಟೆ ಇತ್ತು. ಕಲ್ಲಿನ ಕೆಳಗೆ ನಾನು ಕಂಡ ಚೀಟಿಗಳ ಕಟ್ಟಿಗೆ ಹೋಲಿಸಿದರೆ ಆ ಲಕೋಟೆ ತೆಳ್ಳಗೆ ಅನ್ನಿಸಿತು.

"ಎಣಿಸಿದಿರಾ ಸಾರ್?" ಎಂದೆ.

"ಎಣಿಸೋದಕ್ಕೆ ಬೇರೆಯವರಿದ್ದಾರಮ್ಮ. ನಾವಿರೋದು ಮುಚ್ಚೋದಕ್ಕೆ."

ಅವರ ಬಾಯಿಂದ ಲವಂಗದ ವಾಸನೆ ಬಂತು. ಇಂದಿಗೂ ನನಗೆ ಲವಂಗ ಹಾಕಿದ ಯಾವುದರ ಮೇಲೂ ನಂಬಿಕೆ ಇಲ್ಲ.

ಮರ ಗೆದ್ದಿತು. ಅಂತರ ಎಷ್ಟೆಂದರೆ, ಒಂದು ದೊಡ್ಡ ಕುಟುಂಬ ಆ ದಿನ ಮದುವೆಗೆ ಹೋಗಿದ್ದರೆ ಫಲಿತಾಂಶ ತಿರುಗುತ್ತಿತ್ತು. ನಡುವೆ ಇಟ್ಟ ಚೀಟಿಗಳ ಕಥೆಯನ್ನು ದೊಡ್ಡಮ್ಮ ಅಷ್ಟರಲ್ಲಿ ಹೆಮ್ಮೆಯಿಂದ ಸಂತೆಯಲ್ಲೆಲ್ಲ ಹೇಳಿಬಿಟ್ಟಿದ್ದಳು. ಜನ ಆ ಕಥೆಯನ್ನೂ ಗೆಲುವಿನ ಅಂತರವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕಲ್ಲಿನ ಕೆಳಗಿನ ಚೀಟಿಗಳನ್ನು ಯಾರೋ ಮರದ ಚಿಹ್ನೆಯ ಪೆಟ್ಟಿಗೆಗೆ ಹಾಕಿದ್ದಾರೆ. ಹೆಂಗಸರ ಕೋಣೆಗೆ ಹೋಗಿ ಬರುತ್ತಿದ್ದವರು ಯಾರು? ಟೀಚರಮ್ಮ.

ಇದು ಅಲ್ಲಿಗೇ ಸಾಯಬಹುದಿತ್ತು. ಅದಕ್ಕೆ ಜೀವ ಕೊಟ್ಟವರು ಸ್ವತಃ ಮೆಂಬರು. ಗೆದ್ದ ಮೇಲೆ ಶಾಲೆಗೆ ಬಂದು, ಹಾರ ಹಾಕಿಸಿಕೊಂಡು, ಊರವರೆಲ್ಲರ ಎದುರು ಹೇಳಿದರು: "ಈ ಟೀಚರ್ ನನಗೆ ಮಾಡಿದ ಹೆಲ್ಪ್ ನಾನು ಲೈಫಲ್ಲಿ ಮರೆಯೋದಿಲ್ಲ." ಹೇಳಿ ನನ್ನ ಕಡೆ ನೋಡಿ ಒಂದು ಕಣ್ಣು ಮುಚ್ಚಿದರು. ಜನ ಮೊದಲು ಅವರನ್ನು ನೋಡಿದರು, ಆಮೇಲೆ ನನ್ನನ್ನು.

"ನಾನು ಯಾವ ಸಹಾಯವನ್ನೂ ಮಾಡಿಲ್ಲ. ನನ್ನ ಕೆಲಸ ಮಾಡಿದ್ದೇನೆ" ಎಂದೆ, ಜೋರಾಗಿಯೇ.

"ಹಾಂ, ಹಾಗೇ ಹೇಳ್ಬೇಕು" ಎಂದು ಅವರು ಚಪ್ಪಾಳೆ ತಟ್ಟಿದರು.

ಮೆಂಬರು ಕೆಟ್ಟವರೆಂದು ಹೇಳಲಾರೆ. ಸಭೆಯಲ್ಲಿ ಹೆಚ್ಚು ಮಾತಾಡಿದವರಲ್ಲ. ಆನೆ ಗದ್ದೆಗೆ ಬರುವುದು, ಕಿತ್ತಳೆ ಗಿಡಕ್ಕೆ ಹಿಡಿದ ರೋಗ, ಮಳೆಗಾಲದಲ್ಲಿ ಕೆಡುವ ರಸ್ತೆ, ಇಷ್ಟರ ಮೇಲೆ ಎದ್ದು ನಿಂತು ಕೇಳುತ್ತಿದ್ದರಂತೆ. ಕೊಡಗು ಮೈಸೂರಿಗೆ ಸೇರಬೇಕೇ ಎಂದರೆ ಮಾತ್ರ ಹೊಳೆಯ ಈ ದಡದಲ್ಲಿ ಒಂದು ಉತ್ತರ, ಆ ದಡದಲ್ಲಿ ಇನ್ನೊಂದು. ಅವರು ಒಳ್ಳೆಯ ಬೇಟೆಗಾರರೂ ಹೌದು. ಕೊಡಗಿನ ಬೇಟೆಯಲ್ಲಿ ಗುಂಡು ಹೊಡೆದವನಿಗೆ ಪಾಲು ಇರುವಂತೆ, ಬಿದ್ದ ಹಂದಿಯ ಬಾಲವನ್ನು ಮೊದಲು ಓಡಿ ಮುಟ್ಟಿದವನಿಗೂ ಒಂದು ಪಾಲು ಉಂಟು. ಮೆಂಬರು ರಾಜಕೀಯದಲ್ಲೂ ಬಾಲ ಮುಟ್ಟುವುದನ್ನು ಬಿಟ್ಟವರಲ್ಲ. ಸೇತುವೆಗೆ ಕಲ್ಲು ಬಂದರೆ ತಾನು ಹೇಳಿದ್ದು, ಆಸ್ಪತ್ರೆಗೆ ದಾದಿ ಬಂದರೆ ತಾನು ತರಿಸಿದ್ದು.

ನನ್ನ ಶಾಲೆಗೆ ಹೊಸ ಹೆಂಚು ಬಂತು. ನಾನು ಹಿಂದಿನ ಮಳೆಗಾಲದಲ್ಲೇ ಬರೆದು ಕೇಳಿದ್ದ ಹೆಂಚು ಅದು. ಮಾರನೆಯ ದಿನವೇ ಜೀಪು ಬಂತು. "ಹೆಂಚು ಸಾಕಾ ಟೀಚರ್? ಇನ್ನೇನಾದ್ರೂ ಬೇಕಾ?" ರಸ್ತೆಯಲ್ಲಿ ನಡೆದು ಹೋಗುತ್ತಿದ್ದರೆ ಜೀಪು ನಿಲ್ಲುತ್ತಿತ್ತು. ನಾನು ಹತ್ತುತ್ತಿರಲಿಲ್ಲ. ಹತ್ತದೆ ಇದ್ದದ್ದೂ ಸುದ್ದಿಯಾಯಿತು. ಮದುವೆಯಾಗದ ಉಪಾಧ್ಯಾಯಿನಿ, ಎಸ್ಟೇಟಿನ ಮೆಂಬರು. ಜನ ಚೀಟಿಯ ಕಥೆಯನ್ನು ಎಲ್ಲಿಯವರೆಗೆ ಎಳೆದರೆಂದು ಬರೆಯಬೇಕಾಗಿಲ್ಲ. ಹಿಟ್ಟಿನ ಗಿರಣಿಯಲ್ಲಿ ಒಬ್ಬಳು ನನ್ನ ಕಿವಿಗೆ ಬೀಳುವಂತೆಯೇ ಅಂದಳು: "ನಮ್ಗೂ ಒಂದ್ ಕಲ್ಲು ಎತ್ತಕ್ಕೆ ಬಂದಿದ್ರೆ ನಮ್ಮನೆಗೂ ಹೆಂಚು ಬತ್ತಿತ್ತು ಕಣೆ."

ಸ್ವಲ್ಪ ಕಾಲಕ್ಕೆ ಕುಶಾಲನಗರದ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ಮುಖ್ಯೋಪಾಧ್ಯಾಯಿನಿಯಾಗಿ ನೇಮಿಸಿ ಆಜ್ಞೆ ಬಂತು. ಸರದಿಯ ಪ್ರಕಾರ ಆ ಜಾಗ ನನಗೇ ಬರಬೇಕಿತ್ತು. ಆದರೆ ಅದು ಸರದಿಯಿಂದ ಬಂತೋ, ಜೀಪಿನಿಂದ ಬಂತೋ? ಕೇಳಿದರೆ ಯಾರು ನಿಜ ಹೇಳುತ್ತಾರೆ? ಒಂದು ವಾರ ಗಂಟೆಗೆ ಸರಿಯಾಗಿ ಉಂಡು, ಗಂಟೆಗೆ ಸರಿಯಾಗಿ ಮಲಗಿ, ನಿದ್ದೆ ಮಾಡದೆ ಯೋಚಿಸಿದೆ. ಬೇಡವೆಂದು ಬರೆದು ಕಳಿಸಿದೆ. ನನ್ನ ಹೆಸರು ಚೊಕ್ಕಟವಾಯಿತು ಎಂದುಕೊಂಡೆ. ಸಂತೆಯಲ್ಲಿ ಬೇರೆಯೇ ಮಾತು: "ಬ್ಯಾಡ ಅಂದ್ಲಂತೆ! ಇದಕ್ಕಿಂತ ದೊಡ್ಡದು ಏನೋ ಕಾದಿದೆ ಬಿಡು."

ಆಮೇಲೆ ಕೊಡಗು ರಾಜ್ಯವೇ ಹೋಯಿತು. ಮಡಿಕೇರಿಯ ಸಭೆ ಮುಚ್ಚಿತು. ಮೈಸೂರು ರಾಜ್ಯದ ಸಭೆಯಲ್ಲಿ ಕೊಡಗಿಗೆ ಸಿಕ್ಕ ಸ್ಥಾನಗಳು ಬೆರಳೆಣಿಕೆಯವು, ಒಂದೊಂದು ಕ್ಷೇತ್ರವೂ ಕಣ್ಣಿಗೆ ಕಾಣದಷ್ಟು ಅಗಲ. ಮೆಂಬರು ಮತ್ತೆ ನಿಂತರು. ನೆಲ್ಯಹುದಿಕೇರಿಯ ತೋಟದ ಕೂಲಿ ಲೈನುಗಳಿಂದ ಗೋಣಿಕೊಪ್ಪಲಿನ ಸಂತೆಯವರೆಗೆ ಜೀಪು ಓಡಿಸಿದರು. ಸೋತರು, ಚೆನ್ನಾಗಿಯೇ ಸೋತರು. ಆ ಸಲ ನನಗೆ ಚುನಾವಣೆಯ ಕೆಲಸ ಬಿದ್ದಿರಲಿಲ್ಲ. ಅದನ್ನೂ ಜನ ಗಮನಿಸಿದ್ದರು.

ಇದಾದ ಮೇಲೆ ಕೊಡಗು, ಮೈಸೂರು ಎರಡೂ ಕಡೆಯ ಉಪಾಧ್ಯಾಯರ ಸರದಿಯನ್ನು ಒಟ್ಟುಮಾಡಿ ಹೊಸ ನೇಮಕಗಳಾದವು. ಅದೇ ಶಾಲೆಯ ಅದೇ ಜಾಗ ಮತ್ತೆ ನನಗೆ ಬಂತು. ಆಜ್ಞೆ ಬಂದದ್ದು ಬೆಂಗಳೂರಿನಿಂದ. ಅಲ್ಲಿ ನನ್ನನ್ನು ಬಲ್ಲವರಿಲ್ಲ, ಸೋತ ಮೆಂಬರನ್ನು ಕೇಳುವವರೂ ಇಲ್ಲ. ಈ ಸಲ ಒಂದು ಕ್ಷಣವೂ ಯೋಚಿಸದೆ ಪೆಟ್ಟಿಗೆ ಕಟ್ಟಿದೆ.

ಹೊಸ ಶಾಲೆಗೆ ಸೇರಿದ ವಾರವೇ ಮೆಂಬರು ಬಂದರು. ಜೀಪು ಇರಲಿಲ್ಲ, ಬಸ್ಸಿನಲ್ಲಿ ಬಂದಿದ್ದರು. ಕೈಯಲ್ಲಿ ಕಿತ್ತಳೆಯ ಬುಟ್ಟಿ.

"ಕಂಗ್ರಾಜುಲೇಷನ್ಸ್ ಟೀಚರ್. ಕೊನೆಗೂ ಬಂದ್ರಲ್ಲ. ನಾನು ಬೆಂಗಳೂರಲ್ಲಿ ಒಂದು ಮಾತು ಹಾಕಿದ್ದೆ."

ಅದು ಶುದ್ಧ ಸುಳ್ಳೆಂದು ಗೊತ್ತಿತ್ತು. ಸುಳ್ಳಿನಿಂದ ಅಷ್ಟು ಸಮಾಧಾನ ನನಗೆ ಹಿಂದೆಂದೂ ಆಗಿರಲಿಲ್ಲ. ಇದು ಬರಿಯ ಬಾಲ ಮುಟ್ಟುವುದಾದರೆ ಹೆಂಚೂ ಹಾಗೆಯೇ ಇರಬಹುದು, ಹಿಂದಿನ ಆಜ್ಞೆಯೂ ಹಾಗೆಯೇ ಇರಬಹುದು. ಒಂದೇ ಒಂದು ಪ್ರಶ್ನೆ ಉಳಿದಿತ್ತು. ಕೂತುಕೊಳ್ಳಿ ಎಂದೂ ಹೇಳದೆ ಕೇಳಿದೆ.

"ಆ ದಿನ ಕಲ್ಲಿನ ಕೆಳಗಿದ್ದ ಚೀಟಿಗಳಿಗೂ ನೀವೇ ಒಂದು ಮಾತು ಹಾಕಿದ್ದಿರಾ? ಆ ಅಧಿಕಾರಿಯ ಹತ್ತಿರ?"

ಅವರ ಮುಖದ ನಗು ನಿಂತಿತು. "ನಾನಾ? ಅದು ನೀವಲ್ವಾ?"

"ಅಲ್ಲ."

"ಸುಮ್ನೆ ಹೇಳ್ಬೇಡಿ ಟೀಚರ್. ಈಗ ನಾನು ಯಾರೂ ಅಲ್ಲ, ನನ್ನ ಹತ್ರ ಮುಚ್ಚಿಡೋದೇನು?"

"ನಾನು ಆ ಚೀಟಿಗಳನ್ನು ಮುಟ್ಟಿಲ್ಲ. ಎಲ್ಲರ ಎದುರು ಅವತ್ತೇ ಹೇಳಿದ್ದೆ. ನೀವು ಚಪ್ಪಾಳೆ ತಟ್ಟಿದಿರಿ."

ಅವರು ತಾವಾಗಿಯೇ ಬೆಂಚಿನ ಮೇಲೆ ಕೂತರು. ಮಕ್ಕಳು ಕೂರುವ ಬೆಂಚು. ಮೊಣಕಾಲು ಎದೆಗೆ ಬಂತು. ಹಾಗೆ ಕೂತೇ ಕೇಳಿದರು: "ಹಾಗಾದ್ರೆ ನಾನು ಸರಿಯಾಗೇ ಗೆದ್ದಿದ್ನಾ?"

ಸಭೆಯಲ್ಲಿ ಕೂತಷ್ಟು ಕಾಲವೂ ಈ ಮನುಷ್ಯ ತಾನು ಗೆದ್ದೇ ಇಲ್ಲ ಎಂದುಕೊಂಡೇ ಕೂತಿದ್ದರೆಂದು ಆಗ ತಿಳಿಯಿತು. ಹೌದು ಎಂದಿದ್ದರೆ ಅವರು ಅಳುತ್ತಿದ್ದರೋ ಏನೋ. ಆದರೆ ನನ್ನ ಕಣ್ಣೆದುರು ಆ ತೆಳ್ಳಗಿನ ಲಕೋಟೆ ಇತ್ತು.

"ಲಕೋಟೆಗೆ ಅರಗು ಹಾಕಿದ್ದನ್ನು ನೋಡಿದೆ. ಅದರ ಒಳಗೆ ಎಷ್ಟಿತ್ತೆಂದು ನೋಡಲಿಲ್ಲ. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ."

"ನೀವಲ್ಲ ಅಂದ್ರೆ ನನಗೆ ಅಷ್ಟು ಸಾಕು" ಎಂದು ಎದ್ದರು. ಅವರ ಮುಖದಲ್ಲಿ ಗೆದ್ದ ದಿನವೂ ಇಲ್ಲದ ಕಳೆ ಇತ್ತು. "ನಾನೇ ಎಲ್ಲರಿಗೂ ಹೇಳ್ತೇನೆ ಟೀಚರ್. ನಿಮ್ಮ ಮೇಲೆ ಇನ್ನು ಒಬ್ಬ ಮಾತಾಡಬಾರದು."

ಬೇಡ ಎಂದೆ. ಎರಡು ಸಲ ಬೇಡ ಎಂದೆ. ಅವರು ಕಿತ್ತಳೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ನೇರ ಸಂತೆಗೆ ಹೋದರು. ಬಟ್ಟೆ ಅಂಗಡಿ, ಹೋಟೆಲು, ಬಸ್ಸಿನ ನಿಲ್ದಾಣ, ಎಲ್ಲ ಕಡೆ ನಿಂತು, ಹೆಣ್ಣುಮಕ್ಕಳ ಶಾಲೆಯ ಹೊಸ ಟೀಚರು ಏನೂ ಮಾಡಿಲ್ಲ, ದೇವರಾಣೆಗೂ ಏನೂ ಮಾಡಿಲ್ಲ ಎಂದು ಸಾರಿ ಊರಿಗೆ ಹೋದರು.

ಕುಶಾಲನಗರದಲ್ಲಿ ಅಲ್ಲಿಯವರೆಗೆ ಅರ್ಧ ಜನಕ್ಕೆ ಆ ಕಥೆಯೇ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದೆ. ಮಗಳನ್ನು ಬಿಡಲು ಬಂದ ಒಬ್ಬ ತಾಯಿ ಗೇಟಿನ ಬಳಿ ಇನ್ನೊಬ್ಬಳನ್ನು ಕೇಳುವುದು ಕೇಳಿಸಿತು:

"ಏನಂತೆ ಕಣೆ, ಈಯಮ್ಮ ಮಾಡ್ದೇ ಇರೋದು?"

ಗಂಟೆ ಹೊಡೆಯಲು ಹೇಳಿದೆ.