ಹೊಲಿಗೆ ಮೆಷಿನ್ನಿನ ಸಂಗೀತ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ವಾರ ಬೇರೆ ಏನೋ ಬರೆದು ಕಳಿಸಿದ್ದೇನೆ. (ಕಳೆದ ವಾರದ ಉಪ್ಪಿನಕಾಯಿ ಪುರಾಣ ಓದಿದವರು ಕ್ಷಮಿಸಿ.) ಇವತ್ತು ತಪ್ಪಿಸಿಕೊಳ್ಳುವುದಿಲ್ಲ.

ಎಂಬತ್ತರ ದಶಕ. ಕಡೂರು ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಹೈಸ್ಕೂಲ್ ಗೆಳೆಯನ ರೇಡಿಯೋ ರಿಪೇರಿ ಅಂಗಡಿ. ಅವನ ಭಾವ ದುಬೈಯಿಂದ ವಿಚಿತ್ರ ಕ್ಯಾಸೆಟ್ಟುಗಳನ್ನು ತರುತ್ತಿದ್ದ. ಹಾಡಿಲ್ಲ, ತಬಲಾ ಇಲ್ಲ. ಬರೀ ಸಿಂಥಸೈಜರ್.

"ಇದೇನೋ ಲೇ, ಮಿಕ್ಸಿ ಕೆಟ್ಟಂಗೈತೆ?" ಎಂದೆ.

"ಹಾಡು ಹುಡುಕ್ಬೇಡ ಕಣೋ. ಕಣ್ ಮುಚ್ಕಂಡು ಸುಮ್ನೆ ಕೂತ್ಕ."

ಕೂತೆ. ಒಂದು ಆಲ್ಬಮ್ ಖಾಲಿ ಹಂಡೆಯೊಳಗೆ ಹನಿ ಬಿದ್ದಂತಿತ್ತು. ಇನ್ನೊಂದು, ರೈಲು ಹೋದ ಮೇಲೂ ಹಳಿ ಗುನುಗಿದಂತೆ. ಮೂರನೆಯದಕ್ಕೆ ಕಾರಣವಿಲ್ಲದೆ ಕಣ್ಣು ತುಂಬಿತು. (ಪಕ್ಕದಲ್ಲಿ ಯಾರೋ ಏರಿಸಿದ ನಶ್ಯದ ಘಾಟು ಎಂದು ಹೇಳಿಕೊಂಡೆ.)

ಒಂದು ದಿನ ತಾನೇ ಮಾಡಿದ ಕ್ಯಾಸೆಟ್ ಕೊಟ್ಟ. ರೇಡಿಯೋ ಮುಳ್ಳು ತಿರುಗಿಸುವಾಗ ಸ್ಟೇಷನ್ನುಗಳ ನಡುವೆ ಬರುವ ಸಿಳ್ಳೆಗಳು, ಅವುಗಳ ಅಡಿಯಲ್ಲಿ ಅವನ ತಾಯಿಯ ಹೊಲಿಗೆ ಮೆಷಿನ್. "ಇರೋದು ಇದೊಂದೇ. ಪೂರ್ತಿ ಕೇಳಿ ಹೇಳು." ಅದರ ಮೇಲೆ ಯಾರೂ ರೆಕಾರ್ಡ್ ಮಾಡದಿರಲೆಂದು ಅಂಚಿನ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದಿದ್ದ.

ಐದು ನಿಮಿಷ ಕೇಳಿ ಎತ್ತಿಟ್ಟೆ. ಆ ವಾರ ಹತ್ತಿರದ ಸಿಂಗಟಗೆರೆಗೆ ನಮ್ಮ ಮಠದ ಸ್ವಾಮಿಗಳು ಬಂದರು. ಪ್ರವಚನ ರೆಕಾರ್ಡ್ ಮಾಡಲು ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಕಾಗದ ಮಡಚಿ ಅವನು ಚಕ್ಕೆ ಮುರಿದಿದ್ದ ತೂತುಗಳಿಗೆ ತುರುಕಿದೆ, ರೆಕಾರ್ಡ್ ಬಟನ್ ಒತ್ತಿದೆ. ಬರೀ ಸದ್ದು ತಾನೆ, ಇನ್ನೊಮ್ಮೆ ಮಾಡಿಕೊಳ್ಳುತ್ತಾನೆ ಅಂದುಕೊಂಡೆ.

ಮುಂದಿನ ತಿಂಗಳು ಅವನ ತಾಯಿ ತೀರಿಕೊಂಡರು. ಮೂರನೇ ದಿನ ನಮ್ಮ ಮನೆಗೆ ಬಂದ.

"ಆ ಕ್ಯಾಸೆಟ್ ಕೊಡೋ. ಅಮ್ಮಿ ಮೆಷಿನ್ ಕೇಳ್ಬೇಕು."

"ತರೀಕೆರೆ ಬಸ್ಸಲ್ಲಿ ಎಲ್ಲೋ ಬಿದ್ದೋಯ್ತು ಕಣೋ."

ಅವನು ಬೈಯಲಿಲ್ಲ. "ಹೋಗ್ಲಿ ಬಿಡು. ಯಾರಿಗೋ ಸಿಕ್ಕಿರ್ತೈತೆ, ಅವ್ರು ಕೇಳ್ತಾರೆ."

ಆದರೂ ತಿಂಗಳುಗಟ್ಟಲೆ, ತರೀಕೆರೆ ಬಸ್ಸು ಬಂದಾಗಲೆಲ್ಲ ಅಂಗಡಿ ಬಿಟ್ಟು ಹೋಗಿ ಕಂಡಕ್ಟರನ್ನು ವಿಚಾರಿಸುತ್ತಿದ್ದ. ನಾನು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನೋಡುತ್ತಿದ್ದೆ. ಎದ್ದು ಹೋಗಿ ಹೇಳಲು ಎಷ್ಟು ಹೆಜ್ಜೆ ಬೇಕಿತ್ತು?

ಪ್ರವಚನ ಮುಗಿದ ಮೇಲೆ, ಟೇಪಿನ ತುದಿಯಲ್ಲಿ ಅವನದು ಎರಡು ನಿಮಿಷ ಉಳಿದಿದೆ. ಸಿಳ್ಳೆ ಸಣ್ಣಗಾಗುತ್ತದೆ, ಮೆಷಿನ್ ನಿಲ್ಲುತ್ತದೆ, ಯಾರೋ ದಾರ ಕತ್ತರಿಸುತ್ತಾರೆ. ದುಬೈಯಿಂದ ಬಂದ ಯಾವ ಆಲ್ಬಮ್ಮೂ ಇದರ ಹತ್ತಿರ ಬರಲಿಲ್ಲ. ಅಷ್ಟನ್ನಾದರೂ ಕೊಡಬಹುದಿತ್ತಲ್ಲ? ಕೊಟ್ಟರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಅದಕ್ಕೇ ಅವನು ತೀರಿಹೋಗುವವರೆಗೂ ಬೀರುವಿನಲ್ಲೇ ಇಟ್ಟುಕೊಂಡೆ.

ಖಾದರ್, ಕ್ಯಾಸೆಟ್ ಬಸ್ಸಲ್ಲಿ ಬೀಳ್ಲಿಲ್ಲ ಕಣೋ.